ನಾಲಿಗೆಗೊಂದು ಊಟ

ಚಾಕುವಿಗೆ ಹಲ್ಲುಗಳಿವೆ, ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲು, ಮೇಜಿನ ಮೇಲಿನ ಮೇಣದ ಬತ್ತಿಯ ಬೆಳಕು ಒಂದೊಂದು ಹಲ್ಲಿನ ತುದಿಯಲ್ಲೂ ಕೂತು ಅಲುಗುತ್ತಿದೆ, ಇಂಥದನ್ನು ಊಟದ ತಟ್ಟೆಯ ಪಕ್ಕ ಇಡುತ್ತಾರೆಂದು ಗೊತ್ತಿರಲಿಲ್ಲ, ಡಾಕ್ಟರ್ ಕಾರ್ತಿಕೇಯನ್ ಅವರ ಚಾಕುವಿಗೆ ಹಲ್ಲಿರುವುದಿಲ್ಲ, ಅದು ನುಣ್ಣಗಿರುತ್ತದೆ, ಒಣ್ಣುಂ ತೆರಿಯಾದು ಮಾದೇಶ್, ಏನೂ ಗೊತ್ತಾಗುವುದಿಲ್ಲ, ನಿದ್ದೆಯಲ್ಲಿರ್ತೀರಿ, ಎದ್ದಾಗ ಎಲ್ಲ ಮುಗಿದಿರುತ್ತೆ — ಎಲ್ಲ ಎಂದರೆ ನನ್ನ ನಾಲಿಗೆ. ನಾಳೆ ಬೆಳಗ್ಗೆ ಸೇಲಂ ಆಸ್ಪತ್ರೆಗೆ ಸೇರಬೇಕು, ನಾಳಿದ್ದು ತೆಗೆಯುತ್ತಾರೆ, ಪೂರ್ತಿ, ಬುಡದವರೆಗೆ, ಅದಕ್ಕೇ ಇವತ್ತು ಸಂಜೆ ಈ ಏರ್ಕಾಡು ಬೆಟ್ಟದ ಮೇಲೆ, ಈ ದೊಡ್ಡ ಹೋಟೆಲಿನಲ್ಲಿ, ನನಗೆ ಊಟ. ಮೇನಕಾ ಹಟ ಹಿಡಿದಳು. ನನ್ನ ಮಗಳು, ಸೇಲಂ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ, ಹಟ ಮಾತ್ರ ಅವರಮ್ಮನದು. ಅವಳು ಸ್ಕೂಲಿಗೆ ಹೋಗುತ್ತಿದ್ದಾಗ ಯಾವತ್ತೋ ಮನೆಯಲ್ಲಿ ಅಂದಿದ್ದೆನಂತೆ, ಅದೇನ್ ತಿಂತಾರೋ ಕಣಮ್ಮ ಆ ಓಟ್ಲಲ್ಲಿ, ಆಚೆ ಬರೋವಾಗ ಯಾರೂ ಮಾತೇ ಆಡಲ್ಲ ಅಂತ, ನನಗೆ ಮರೆತಿತ್ತು, ಅವಳು ಇಟ್ಟುಕೊಂಡಿದ್ದಾಳೆ, ಮಕ್ಕಳು ಏನನ್ನು ಇಟ್ಟುಕೊಳ್ಳುತ್ತಾರೋ ಹೇಳಲಾಗುವುದಿಲ್ಲ. ಬಾಡಿಗೆ ಕಾರು ಓಡಿಸುತ್ತಿದ್ದ ಕಾಲವೆಲ್ಲ ನಾನು ಈ ಹೋಟೆಲಿನ ಪೋರ್ಟಿಕೋವರೆಗೆ ಬಂದವನು, ಸೇಲಂ ಜಂಕ್ಷನ್ನಿನಿಂದ, ಬೆಂಗಳೂರಿನಿಂದ ಗೆಸ್ಟುಗಳನ್ನು ತಂದು ಇಳಿಸಿ, ಡಿಕ್ಕಿಯಿಂದ ಸೂಟ್‌ಕೇಸು ಇಳಿಸಿ, ಆಮೇಲೆ ಅಡುಗೆಮನೆಯ ಹಿಂದಿನ ಡ್ರೈವರ್ ಶೆಡ್ಡಿನಲ್ಲಿ ಮೊಸರನ್ನ ತಿಂದು ಕಾಯುತ್ತಿದ್ದೆ, ಇದ್ದಿಲ ಮೇಲೆ ಮಾಂಸ ಸುಡುವ ವಾಸನೆ ಗೋಡೆ ದಾಟಿ ಬರುತ್ತಿತ್ತು, ಆ ವಾಸನೆಯನ್ನೇ ನಂಜಿಕೊಂಡು ಮೊಸರನ್ನ ತಿಂದಿದ್ದೇನೆ. ಈಗ ಗೋಡೆಯ ಈ ಕಡೆ ಕೂತಿದ್ದೇನೆ, ಮೆತ್ತನೆಯ ಕುರ್ಚಿಯಲ್ಲಿ, ಗಾಜಿನಾಚೆ ಕೆರೆ, ಕೆರೆಯ ಮೇಲೆ ಇನ್ನೂ ಸ್ವಲ್ಪ ಬೆಳಕು, ಒಂದು ಕಡೆ ಹೆಂಡತಿ ಸೊಣ್ಣಮ್ಮ, ಎದುರಿಗೆ ಮಗಳು, ಮಗಳ ಪಕ್ಕ ಅಳಿಯ ಇಳಂಗೋ — ನಾಲಿಗೆ ಕೆಳಗೆ ಬೆಂಕಿ ಇಟ್ಟ ಹಾಗಿದೆ, ಉಗುಳು ನುಂಗು, ನುಂಗು, ಮುಖ ಕಿವುಚಬೇಡ, ಮಗಳು ನೋಡುತ್ತಿದ್ದಾಳೆ.

ಮೆನುವಿನಲ್ಲಿ ಒಂದು ದನದ ಚಿತ್ರ, ಮೈತುಂಬ ಗೆರೆ, ಗೆರೆಗಳ ನಡುವೆ ಇಂಗ್ಲಿಷಿನಲ್ಲಿ ಹೆಸರುಗಳು, ಬೆನ್ನಿಗೊಂದು, ಪಕ್ಕೆಗೊಂದು, ತೊಡೆಗೊಂದು. ಇದೇನಿದು, ಅಸೂನ ಇಂಗ್ ಪಾಲ್ ಆಕವ್ರೆ, ಎಂದಳು ಸೊಣ್ಣಮ್ಮ, ಮೇನಕಾ, ನಿಮ್ಮಪ್ಪಂಗೆ ಅದಲ್ಲ ತಾನೆ? ಇಲ್ಲಮ್ಮಾ, ಆಟ್ಟುಕ್ಕರಿ ದಾನ್, ಕುರಿದೇ ಅಂತ ಸೊಲ್ಲಿಟ್ಟೇನ್, ಎಂದಳು ಮಗಳು, ಕುರಿಯದೇ ಎಂದು ಹೇಳಿದ್ದಾಳಂತೆ, ಅವಳ ಕನ್ನಡ ಯಾವಾಗಲೂ ಹೀಗೇ, ತಮಿಳಿನೊಳಗೆ ಒಂದು ಮಾತು ಬಿದ್ದರೆ ಬಿತ್ತು, ಇಲ್ಲದಿದ್ದರೆ ಅದೂ ಇಲ್ಲ. ಸ್ಕೂಲು ಸೇರಿದ ವರ್ಷದಿಂದ ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಹೇಳುವುದು, ನಲ್ಲಂಪಳ್ಳಿಯ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಗಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಸೊಣ್ಣಮ್ಮನಿಗೆ ಮಾಂಸ ಬೇಡವಂತೆ, ನನ್ನ ಆಪರೇಷನ್ ಮುಗಿದು ಮಾದಪ್ಪನ ಬೆಟ್ಟ ಹತ್ತುವವರೆಗೆ ಮುಟ್ಟುವುದಿಲ್ಲವೆಂದು ಹರಕೆ, ಅವಳಿಗೆ ಸೂಪು ಮತ್ತು ಬ್ರೆಡ್ಡು. ನಾನು ಚಿತ್ರದಲ್ಲಿ ದನದ ತೊಡೆಯನ್ನೇ ನೋಡುತ್ತಿದ್ದೆ, ಡಾಕ್ಟರೂ ಹೀಗೇ ಗೆರೆ ಎಳೆದಿದ್ದರು, ನನ್ನ ತೊಡೆಯ ಮೇಲೆ, ನೀಲಿ ಪೆನ್ನಿನಲ್ಲಿ, ಇಲ್ಲಿಂದ ಮಾಂಸ ತೆಗೆದು ಅಲ್ಲಿಟ್ಟು ಹೊಲಿಯುತ್ತೇವೆ, ನಾಲಿಗೆಯ ಜಾಗ ಖಾಲಿ ಇರುವುದಿಲ್ಲ, ಎಂದರು. ರುಚಿ ಗೊತ್ತಾಗುತ್ತಾ ಎಂದು ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದರು. ಮಾತು ಬರುತ್ತಾ ಎಂದಿದ್ದಕ್ಕೆ ಪಾಕ್ಕಲಾಂ, ನೋಡೋಣ, ಎಂದರು, ತುಟಿಯಿಂದ ಆಡುವ ಮಾತು ಸ್ವಲ್ಪ ಬರಬಹುದು, ಉಳಿದದ್ದು ಕಷ್ಟ. ಅವತ್ತು ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ನಾಲಿಗೆಯನ್ನು ಅಲುಗಿಸದೆ ಒಂದೊಂದೇ ಹೆಸರು ಹೇಳಿ ನೋಡಿದೆ, ಅಪ್ಪ ಬಂತು, ಅಮ್ಮ ಬಂತು, ಬಾ ಬಂತು, ಮೇನಕಾ ಎನ್ನಲು ಹೋದರೆ ಮೇ ಬಂದು ನಿಂತಿತು, ಕುರಿ ಕೂಗಿದ ಹಾಗೆ, ನನ್ನ ಹೆಸರಿನಲ್ಲೇ ನನಗೆ ಮಾ ಒಂದೇ, ಸೊಣ್ಣಮ್ಮ ಎಂದೆ — ಸೊ ಇಲ್ಲ, ಣ್ಣ ಇಲ್ಲ, ಅಮ್ಮ ಮಾತ್ರ. ಕೈಹಿಡಿದವಳನ್ನು ಇನ್ನು ಅಮ್ಮ ಎಂದು ಕೂಗಬೇಕು ನಾನು. ಅಣ್ಣಾ, ನೀಂಗಳಾ ಇದು? ತಲೆಯೆತ್ತಿದರೆ ತಮಿಳ್‌ಸೆಲ್ವನ್, ಕಪ್ಪು ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಆಗೆಲ್ಲ ಶೆಡ್ಡಿಗೆ ನಮಗೆ ಮೊಸರನ್ನದ ಬಕೆಟ್ಟು ತರುತ್ತಿದ್ದವನು ಈಗ ಒಳಗಿನ ಸರ್ವರ್, ನನ್ನನ್ನು ಗುರುತು ಹಿಡಿದು ಖುಷಿಯಿಂದ ಎನ್ನ ವಿಶೇಷಂ ಅಣ್ಣಾ, ಏನು ವಿಶೇಷ, ಎಂದ. ಪೊಣ್ಣುಕ್ಕು ಪ್ರಮೋಷನ್, ಎಂದಳು ಸೊಣ್ಣಮ್ಮ, ಮಗಳಿಗೆ ಬಡ್ತಿ ಸಿಕ್ಕಿತೆಂದು ಎಷ್ಟು ಸಲೀಸಾಗಿ, ಮೇನಕಾ ಲೋಟ ನೋಡುತ್ತಾ ಕೂತಳು, ತಮಿಳ್‌ಸೆಲ್ವನ್ ವಾಳ್ತುಕ್ಕಳ್ ಮೇಡಂ ಎಂದು ಅಭಿನಂದಿಸಿ ತಲೆಬಾಗಿದ. ಮಾಂಸ ಹೇಗೆ ಬೇಯಬೇಕು ಎಂದು ಕೇಳಿದಾಗ ಇಳಂಗೋ ಹೇಳಿದ, ರೊಂಬ ಸಾಫ್ಟಾ, ತುಂಬ ಮೆತ್ತಗೆ, ಮಾಮಾವುಕ್ಕು ಪಲ್ಲು ವಲಿ. ಹಲ್ಲುನೋವು. ಒಂದೇ ಮೇಜಿನಲ್ಲಿ ಎರಡು ಸುಳ್ಳು, ಎರಡೂ ನನ್ನ ಬಾಯಿಯನ್ನು ಮುಚ್ಚಲಿಕ್ಕೆ ಹೊದಿಸಿದ ಬಟ್ಟೆ.

ಕಬ್ಬಿಣದ ತಟ್ಟೆಯಲ್ಲಿ ಅದು ಚುರುಗುಟ್ಟುತ್ತಾ ಬಂತು, ಹೊಗೆ, ಬೆಣ್ಣೆ, ಕರಿದ ಬೆಳ್ಳುಳ್ಳಿ, ಅದೇ ವಾಸನೆ, ಶೆಡ್ಡಿನ ವಾಸನೆ, ಹೊಟ್ಟೆ ಒಳಗಿನಿಂದ ಎದ್ದು ಕೂತಿತು, ಮೂಗಿಗೆ ಏನೂ ಆಗಿಲ್ಲವಲ್ಲ, ಮೂಗು ಇನ್ನೂ ಹುಡುಗನ ಮೂಗು. ಇಳಂಗೋ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಮಾತಿಲ್ಲದೆ ಕುಯ್ಯತೊಡಗಿದ, ಎಳೆ ಎಳೆಯಾಗಿ, ಆಮೇಲೆ ಎಳೆಗಳನ್ನೂ ಅಡ್ಡ ಕುಯ್ದ, ಮಗುವಿಗೆ ಕುಯ್ಯುವ ಹಾಗೆ, ಅಕ್ಕಪಕ್ಕದ ಮೇಜಿನವರು ನೋಡಿದರೂ ಅವನಿಗೆ ಲೆಕ್ಕವಿಲ್ಲ, ಒಳ್ಳೆಯವನು, ನನ್ನೊಡನೆ ಅವನ ಮಾತು ಯಾವತ್ತೂ ಕಮ್ಮಿ, ಅವನಿಗೆ ಕನ್ನಡ ಬಾರದು, ನನಗೆ ಅಳಿಯನೊಡನೆ ತಮಿಳು ಆಡಲು ಸಂಕೋಚ, ಇನ್ನು ಆ ಸಂಕೋಚವೂ ಇರುವುದಿಲ್ಲ. ಸಾಪಿಡುಂಗಪ್ಪಾ, ಎಂದಳು ಮೇನಕಾ, ತಿನ್ನಪ್ಪಾ, ಮೆದುವಾ, ನಿಧಾನಕ್ಕೆ ಎಂದು. ಒಂದು ಚೂರನ್ನು ಬಲಗಡೆ ಇಟ್ಟುಕೊಂಡೆ, ಹುಣ್ಣು ಎಡಗಡೆ, ಬಲ ಅಂಚಿನಲ್ಲಿ ಇನ್ನೂ ಸ್ವಲ್ಪ ಜೀವವಿದೆ, ಮೊದಲು ಉಪ್ಪು ಬಂತು, ಆಮೇಲೆ ಕೊಬ್ಬು ಕರಗಿತು, ಅದರ ಹಿಂದೆ ಹೊಗೆ, ಅದರ ಹಿಂದೆ ಇನ್ನೇನೋ ಸಿಹಿಯಂಥದು, ಹೆಸರು ಗೊತ್ತಿಲ್ಲ, ಅಯ್ಯೋ ಇದಾ, ಇದಕ್ಕಾ ಅವರು ಸುಮ್ಮನೆ ಹೊರಗೆ ಬರುತ್ತಿದ್ದದ್ದು, ಇದನ್ನು ಬಾಯಲ್ಲಿಟ್ಟುಕೊಂಡವರು ಮಾತಾಡಿ ಕೆಡಿಸಿಕೊಳ್ಳುವುದಿಲ್ಲ — ಅಷ್ಟರಲ್ಲಿ ಮೆಣಸು ಎಡಗಡೆಗೆ ಜಾರಿತು. ಕಿವಿಯವರೆಗೆ ಕಾದ ಕಂಬಿ ಚುಚ್ಚಿದಂತೆ, ಕಣ್ಣಲ್ಲಿ ನೀರು ತುಂಬಿ ಮೇಣದ ಬತ್ತಿ ನಾಲ್ಕಾಯಿತು, ಮೇಜಿನ ಅಂಚು ಹಿಡಿದುಕೊಂಡೆ, ಉಗುಳಬಾರದು, ಈ ಬಿಳಿ ಬಟ್ಟೆಯ ಮೇಲೆ ಉಗುಳಬಾರದು, ನುಂಗಿದೆ, ಅಗಿಯದೆ ನುಂಗಿದೆ, ಅದು ಗಂಟಲಲ್ಲಿ ಕಲ್ಲಿನ ಹಾಗೆ ಇಳಿಯಿತು. ಅಪ್ಪಾ? ನಲ್ಲಾ ಇರುಕ್ಕಾ? ಹೂಂ ಎಂದೆ, ಸೂಪರ್, ಎಂದೆ, ಮಗಳ ಮುಖ ಬೆಳಗಿತು, ಆ ಬೆಳಕನ್ನು ನೋಡಲಾರದೆ ಇನ್ನೊಂದು ಚೂರು ತೆಗೆದುಕೊಂಡೆ. ಮನೆಯಲ್ಲಿ ಕೂತು ಸೊಣ್ಣಮ್ಮನ ಹುರುಳಿ ಸಾರಿನಲ್ಲಿ ಮುದ್ದೆ ಅದ್ದಿ ಎರಡು ತುತ್ತು ನುಂಗಿದ್ದರೆ ಸಾಕಾಗಿತ್ತು, ಮುದ್ದೆಯನ್ನು ಅಗಿಯುವ ಹಾಗೂ ಇಲ್ಲ, ಆ ಸಾರಿನ ರುಚಿಯನ್ನಾದರೂ ನಾಲಿಗೆ ತನ್ನ ಜೊತೆ ಒಯ್ಯುತ್ತಿತ್ತು, ಎಲ್ಲಿಗೆ ಒಯ್ಯುತ್ತದೆ, ಕುಯ್ದದ್ದನ್ನು ಆಸ್ಪತ್ರೆಯವರು ಏನು ಮಾಡುತ್ತಾರೆ, ಬಕೆಟ್ಟಿಗೆ ಹಾಕುತ್ತಾರಾ, ಸುಡುತ್ತಾರಾ, ಇದನ್ನು ಯಾರನ್ನು ಕೇಳುವುದು, ನನ್ನ ಒಂದು ಭಾಗಕ್ಕೆ ನನಗಿಂತ ಮೊದಲೇ ಸಾವು, ಅದಕ್ಕೆ ತಿಥಿ ಇಲ್ಲ, ಮಣ್ಣಿಲ್ಲ. ತಟ್ಟೆಯ ಮೇಲೆ ಸಣ್ಣ ಸಣ್ಣ ತುಂಡುಗಳು, ತೆಳುವಾಗಿ, ಕೆಂಪಗೆ, ತುದಿ ದುಂಡಗೆ — ನೋಡಬೇಡ. ಬಾತ್‌ರೂಮಿಗೆ ಹೋಗಿ ಬರ್ತೀನಿ, ಎಂದು ಎದ್ದೆ.

ಬಾತ್‌ರೂಮಿಗೆ ಹೋಗಲಿಲ್ಲ. ಕಾಲುಗಳಿಗೆ ದಾರಿ ಗೊತ್ತು, ಅಡುಗೆಮನೆಯ ಪಕ್ಕದ ಓಣಿ, ಗ್ಯಾಸ್ ಸಿಲಿಂಡರುಗಳು, ಕಬ್ಬಿಣದ ಬಾಗಿಲು, ಹೊರಗೆ ಚಳಿ, ಸಿಲ್ವರ್ ಓಕ್ ಮರಗಳ ಮೇಲೆ ಮಂಜು ಇಳಿಯುತ್ತಿದೆ, ಅಲ್ಲೇ ಶೆಡ್ಡು. ಗೇಟು ದಾಟಿ ಇಳಿಜಾರಿನಲ್ಲಿ ನಡೆದರೆ ಬಸ್ ಸ್ಟ್ಯಾಂಡು, ಸೇಲಂ ಬಸ್ಸು ಇರುತ್ತದೆ, ಸೇಲಂನಿಂದ ಧರ್ಮಪುರಿ, ಅಲ್ಲಿಂದ ಕಾರಿಮಂಗಲ, ಕಾರಿಮಂಗಲದಲ್ಲಿ ಅಣ್ಣ ಚಿಕ್ಕಣ್ಣ, ಯಾಕೆ ಬಂದೆ ಎಂದು ಕೇಳುವವನಲ್ಲ, ಬಾಗಿಲು ತೆಗೆದು ಚಾಪೆ ಹಾಸುತ್ತಾನೆ, ನಾಳೆ ಬೆಳಗ್ಗೆ ಆಸ್ಪತ್ರೆಯಲ್ಲಿ ಮಾದೇಶ್ ಮಾದೇಶ್ ಎಂದು ಕೂಗುತ್ತಾರೆ, ಕೂಗಲಿ. ಆಪರೇಷನ್ ಬೇಡವೆಂದರೆ ಬರುವ ಪೊಂಗಲ್ ಕಾಣುವುದಿಲ್ಲ ಎಂದಿದ್ದಾರೆ ಡಾಕ್ಟರು, ಪೊಂಗಲ್‌ವರೆಗೆ ಮಾತಾಡಬಹುದಲ್ಲ, ಬೆಳಗಿನಿಂದ ಸಂಜೆವರೆಗೆ ಮಾತಾಡುತ್ತೇನೆ, ಅಣ್ಣನೊಡನೆ, ಅಂಗಡಿಯವನೊಡನೆ, ನಾಯಿಯೊಡನೆ, ಇರುವುದನ್ನೆಲ್ಲ ಆಡಿ ಮುಗಿಸಿ ಆಮೇಲೆ ಸಾಯುತ್ತೇನೆ, ನಾಲಿಗೆ ಸಮೇತ, ಇಡಿಯಾಗಿ. ಶೆಡ್ಡಿನ ಬೆಂಚಿನ ಮೇಲೆ ಒಬ್ಬ ಡ್ರೈವರ್ ಮಾತ್ರ ಕೂತಿದ್ದ, ಗೊತ್ತಿಲ್ಲದ ಮುಖ, ವಂಡಿ ಎದು ಅಣ್ಣಾ, ಯಾವ ಗಾಡಿ ಎಂದು ಕೇಳಿದ. ಗಾಡಿ ಇಲ್ಲ, ಊಟಕ್ಕೆ ಬಂದಿದ್ದೇನೆ, ಒಳಗೆ, ಗೆಸ್ಟು, ಎಂದು ತಮಿಳಿನಲ್ಲೇ ಹೇಳಲು ಹೋದೆ, ಆ ಎರಡನೇ ಚೂರು ಹುಣ್ಣನ್ನು ಕೆರಳಿಸಿತ್ತು, ನಾಲಿಗೆ ಎತ್ತಲಾಗಲಿಲ್ಲ, ಏನೋ ಮುದ್ದೆಮುದ್ದೆಯಾಗಿ ಹೊರಬಂದು ಗಲ್ಲದ ಮೇಲೆ ಉಗುಳು ಇಳಿಯಿತು. ಅವನು ನಕ್ಕ, ಕೆಟ್ಟ ನಗುವಲ್ಲ, ಫುಲ್ಲಾ ಅಣ್ಣಾ, ಎಂದ, ಉಕ್ಕಾರುಂಗ, ಕೂತ್ಕಳಿ, ಮೋರು ತರಲಾ, ಮಜ್ಜಿಗೆ ಕುಡಿದರೆ ಇಳಿಯುತ್ತೆ. ಕುಡಿದಿಲ್ಲ ಎಂದೆ. ಅದೂ ಹಾಗೇ ಬಂತು. ಅವನು ಇನ್ನಷ್ಟು ನಕ್ಕು ಜಾಗ ಬಿಟ್ಟು ಸರಿದು ಕೂತ. ಹಾಗಾದರೆ ಪೊಂಗಲ್‌ವರೆಗೂ ಈ ಮಾತು ಬರುವುದಿಲ್ಲ, ನಾನು ಉಳಿಸಿಕೊಳ್ಳಬೇಕೆಂದುಕೊಂಡದ್ದು ಆಗಲೇ ಹೊರಟುಹೋಗಿದೆ, ಈ ಬಾಯಲ್ಲಿ ಇರುವುದು ಅದರ ಹೆಣ, ಹೆಣವನ್ನು ಹೊತ್ತುಕೊಂಡು ಕಾರಿಮಂಗಲಕ್ಕೆ ಹೊರಟಿದ್ದೇನೆ. ಆದರೂ ಎದ್ದು ಗೇಟಿನ ಕಡೆ ನಡೆದೆ. ಹಿಂದಿನಿಂದ ಚಪ್ಪಲಿ ಸದ್ದು, ಸೊಣ್ಣಮ್ಮ, ಸೆರಗನ್ನು ತಲೆಯ ಸುತ್ತ ಬಿಗಿದುಕೊಂಡು, ಈ ಚಳಿಯಲ್ಲಿ. ಎಲ್ಲಿಗೆ, ಎಂದಳು. ಆಗಲ್ಲ ಕಣೆ, ಎಂದೆ, ನಾನ್ ಓಗಲ್ಲ ಆಸ್ಪತ್ರೆಗೆ, ನಂಗೆ ಬ್ಯಾಡ. ಅವಳಿಗೆ ಅರ್ಥವಾಯಿತು, ಅವಳಿಗೆ ಯಾವಾಗಲೂ ಅರ್ಥವಾಗುತ್ತದೆ. ಅವಳು ಅತ್ತಿದ್ದರೆ ಬಸ್ಸು ಹತ್ತಿಯೇಬಿಡುತ್ತಿದ್ದೆ, ಅಳಲಿಲ್ಲ. ಇಷ್ಟ್ ವರ್ಸ ಮಾತಾಡಿ ಏನ್ ಕಡ್ದಾಕಿದ್ರಿ, ಎಂದಳು, ಸಾರಿಗೆ ಉಪ್ಪು ಕಮ್ಮಿ, ಬಾಗ್ಲು ತೆಗ್ಯಾಕೆ ಲೇಟು, ಬರೀ ಬಯ್ದಿದ್ದೇ ಆಯ್ತು. ಇನ್ಮೇಲೆ ನಾನ್ ಬಯ್ತೀನಿ, ನೀವ್ ಕೇಳ್ಕಂಡ್ ಕೂತ್ಕಳಿ. ನೀ ಯಾರ್ ಜೊತೆ ಮಾತಾಡ್ತೀಯ ಆಮ್ಯಾಕೆ, ಎಂದೆ, ಮಗ್ಳು ತಮಿಳು, ಬೀದಿಯೆಲ್ಲ ತಮಿಳು. ನಿಮ್ ಜೊತೇಲೇ, ಎಂದಳು. ಗ್ವಾಡೆ ಜೊತೆ ಆಡ್ದಂಗಾ? ಗ್ವಾಡೆ ಬಯ್ಯಲ್ಲ, ಅದೇ ಮೇಲು, ಎಂದಳು, ಸೆರಗಿನ ತುದಿಯಿಂದ ನನ್ನ ಗಲ್ಲ ಒರೆಸಿದಳು, ಒರೆಸುವಾಗ ಅವಳ ಕೈ ಮಂಜುಗಡ್ಡೆಯ ಹಾಗಿತ್ತು, ನನಗೆ ನಗು ಬಂತು, ನಕ್ಕರೆ ಜೀವ ಹೋಗುವಷ್ಟು ನೋವು, ನಗುತ್ತಲೇ ಅವಳ ಹಿಂದೆ ಒಳಗೆ ಬಂದೆ.

ಮೇನಕಾ ಅತ್ತಿದ್ದಳು, ಕಣ್ಣ ಕಾಡಿಗೆ ಸ್ವಲ್ಪ ಹರಡಿತ್ತು, ಕಬ್ಬಿಣದ ತಟ್ಟೆಯನ್ನು ತೆಗೆಸಿ ಐಸ್‌ಕ್ರೀಮ್ ತರಿಸಿಟ್ಟಿದ್ದರು, ಐಸ್‌ಕ್ರೀಮಿನ ತಂಪು ಹುಣ್ಣಿಗೆ ಹಿತವಾಯಿತು, ರುಚಿ ಗೊತ್ತಾಗಲಿಲ್ಲ, ತಂಪು ಮಾತ್ರ. ಆಮೇಲೆ ಅವಳು ದನಿ ಹಿಡಿದಿಡಲು ಫೋನು ತೆಗೆದು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದಳು, ಸೊಣ್ಣಮ್ಮನ ಆ ಕಡೆಗೆ, ಅಪ್ಪಾ, ಎಂದಳು, ತಡವರಿಸಿ, ಯಾರದೋ ಮನೆಯ ಬಾಗಿಲು ತಟ್ಟುವವಳ ಹಾಗೆ, ಏನಾರ ಮಾತಾಡಪ್ಪ. ಕನ್ನಡದಲ್ಲಿ. ಎಷ್ಟು ಕಾಲವಾಗಿತ್ತು ಅವಳ ಬಾಯಲ್ಲಿ ಅಷ್ಟುದ್ದ ಕನ್ನಡ ಕೇಳಿ, ಮಾತಾಡಪ್ಪ ಎನ್ನುವಾಗ ಥೇಟು ನನ್ನ ಅವ್ವನ ದನಿ, ಅದು ಎಲ್ಲಿ ಅವಿತಿತ್ತು ಇವಳೊಳಗೆ. ಫೋನಿನ ಮೇಲೆ ಒಂದು ಗೆರೆ, ಯಾರಾದರೂ ಚಮಚ ಇಟ್ಟರೂ ಅದು ನಡುಗುತ್ತದೆ, ನಾನು ಸುಮ್ಮನಿದ್ದರೆ ಮಲಗುತ್ತದೆ. ಏನು ಹೇಳಲಿ? ಬುದ್ಧಿಮಾತು ಹೇಳಲೇ, ನನ್ನ ಬುದ್ಧಿ ಇವಳಿಗೆ ಯಾಕೆ, ಚೆನ್ನಾಗಿರು ಎನ್ನಲೇ, ಸಾಯುವವನ ಮಾತಿನ ಹಾಗಾಗುತ್ತದೆ, ಅವ್ವ ಹೇಳುತ್ತಿದ್ದ ಕತೆ, ಅವಳ ಜೋಗುಳ, ಒಂದು ಸಾಲೂ ನೆನಪಾಗುತ್ತಿಲ್ಲ, ತಲೆಯನ್ನು ಯಾರೋ ಗುಡಿಸಿ ತೊಳೆದಿಟ್ಟಿದ್ದಾರೆ, ಮೂರು ಜನ ಕಾಯುತ್ತಿದ್ದಾರೆ, ಇಳಂಗೋ ಕೂಡ, ಅರ್ಥವಾಗದಿದ್ದರೂ ಬಾಗಿ ಕೂತಿದ್ದಾನೆ, ಗೆರೆ ಮಲಗಿದೆ, ಏಳು, ಏನಾದರೂ ಅನ್ನು — ಆಗ ಬಾಯಿಗೆ ಬಂದದ್ದು ಬಾಡಿಗೆ ಮುಗಿಸಿ ಮನೆಗೆ ಹೋಗುವಾಗಿನ ಮಾತು. ಸೇಲಂ ಕಡೆಯಿಂದ ತೊಪ್ಪೂರು ಗಾಟು ಹತ್ತಿದ ಮೇಲೆ ರಸ್ತೆ ಬದಿ ಗಾಡಿ ನಿಲ್ಲಿಸಿ ಫೋನು ಮಾಡುತ್ತಿದ್ದೆ, ಆ ಗಾಟಿನಲ್ಲಿ ಲಾರಿಗಳು ಉರುಳದ ವಾರವಿಲ್ಲ, ನಾನು ಹತ್ತಿ ಆಯಿತೆಂದು ಹೇಳುವವರೆಗೆ ಸೊಣ್ಣಮ್ಮ ಉಣ್ಣುತ್ತಿರಲಿಲ್ಲ. ನಾಲಿಗೆಯನ್ನು ಎತ್ತಿದೆ, ಉರಿಯಲಿ, ಹರಿಯಲಿ, ಒಂದೊಂದೇ ಅಕ್ಷರವನ್ನು ಅಂಗುಳಕ್ಕೆ ಒತ್ತಿ ಒತ್ತಿ ಕಳಿಸಿದೆ, ಸೊ, ಣ್ಣ, ಎಲ್ಲವನ್ನೂ. ಸೊಣ್ಣಮ್ಮಾ, ನಾನು ಕಣೆ. ತೊಪ್ಪೂರ್ ಗಾಟ್ ಹತ್ಬುಟ್ಟೆ. ಉಂಡ್ಯಾ? ಬಾಯಲ್ಲಿ ರಕ್ತದ ಉಪ್ಪು ಬಂತು. ಮೇನಕಾ ಫೋನು ಮುಟ್ಟಿದಳು, ಗೆರೆ ನಿಂತಿತು. ಕೇಳಣಾ, ಎಂದು ಮತ್ತೆ ಮುಟ್ಟಿದಳು, ನನ್ನ ದನಿ ಬಂತು, ನನ್ನದಾ ಅದು, ಸ್ವಲ್ಪ ದೂರದ್ದು, ಗಾಳಿ ಬೀಸುವ ರಸ್ತೆಯಲ್ಲಿ ನಿಂತವನದು, ಸೊಣ್ಣಮ್ಮಾ ನಾನು ಕಣೆ ತೊಪ್ಪೂರ್ ಗಾಟ್ ಹತ್ಬುಟ್ಟೆ ಉಂಡ್ಯಾ, ಸೊಣ್ಣಮ್ಮ ಥಟ್ಟನೆ ಫೋನಿನ ಕಡೆ ತಿರುಗಿದಳು, ನನಗೆ ಬೆನ್ನು ಮಾಡಿ, ಹೂಂ, ಬನ್ನಿ, ಎಂದಳು. ಫೋನಿಗೆ ಹೇಳಿದಳು. ಹೇಳಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮೇನಕಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಇನ್ನೊಂದು ಸಲ ಮುಟ್ಟಿದಳು, ಮತ್ತೆ ನನ್ನ ದನಿ, ಸೊಣ್ಣಮ್ಮ ಇನ್ನಷ್ಟು ಬಾಗಿದಳು ಅದರ ಕಡೆಗೆ, ಗಾಟು ಹತ್ತಿ ಬರುತ್ತಿರುವವನ ಕಡೆಗೆ, ಈ ಕಡೆ ನಾನಿದ್ದೇನೆ ಕಣೆ, ನಿನ್ನ ಮೊಣಕೈ ತಾಗುವಷ್ಟು ಹತ್ತಿರ, ಹೇಳಬೇಕೆಂದರೆ ನಾಲಿಗೆ ಏಳುವುದಿಲ್ಲ, ಇದ್ದದ್ದನ್ನೆಲ್ಲ ಆ ಫೋನಿಗೆ ಕೊಟ್ಟುಬಿಟ್ಟೆ, ಈಗಲೇ ಅವಳು ಆ ಕಡೆ, ನಾಳೆಯಲ್ಲ, ನಾಳಿದ್ದಲ್ಲ, ಈಗಲೇ, ಮತ್ತೆ ದನಿ, ಉಂಡ್ಯಾ, ಅವಳು ತಲೆಯಾಡಿಸುತ್ತಿದ್ದಾಳೆ, ಮುಖ ಕಾಣುವುದಿಲ್ಲ, ನನಗೆ ಕಾಣುವುದು ಅವಳ ತುರುಬು, ತುರುಬಿನಲ್ಲಿ ಬಾಡಿದ ಕನಕಾಂಬರ, ಆ ಕಡೆ ತಿರುಗಿದ ಕುತ್ತಿಗೆ, ಅವಳ ತುರುಬು